ಐಸಾಕೆ ಸೋತದ್ದು ಯಾರಿಂದ

ಕೋಲೋವಾಯಿ, ಟೊಂಗಾ
ಜುಲೈ 14, 1974

ಪ್ರೀತಿಯ ಮೆಲೆಸಿಯು,

ನಿನಗೂ ನಿನ್ನ ಗಂಡನಿಗೂ, ಇನ್ನೂ ಹೆಸರಿಲ್ಲದೆ ತೊಟ್ಟಿಲಲ್ಲಿ ಕಿರುಚಿಕೊಳ್ಳುತ್ತಿರುವ ಆ ಪುಟ್ಟ ದೊರೆಗೂ ಅತ್ತೆಯ ಮುತ್ತುಗಳು. ನಿನ್ನ ಕಾಗದ ಈಸ್ಟರ್ ಹಬ್ಬಕ್ಕೆ ಮೊದಲೇ ಕೈಸೇರಿತು. ಇಷ್ಟು ದಿನ ಉತ್ತರವಿಲ್ಲದ್ದಕ್ಕೆ ಬೈದುಕೊಂಡಿರುತ್ತೀಯ, ಬೈದುಕೋ. ಬೆರಳುಗಳಿಗೆ ಗಂಟುನೋವು ಎಂದು ನೆಪ ಹೇಳಬಹುದಿತ್ತು. ಆದರೆ ಅದೇ ಬೆರಳುಗಳಿಂದ ದಿನವೂ ಚಾಪೆ ಹೆಣೆಯುತ್ತಿರುವುದನ್ನು ಊರೇ ನೋಡುತ್ತಿದೆ, ನಾಳೆ ಯಾರಾದರೂ ನಿನಗೆ ಬರೆದು ಹಾಕಿಯಾರು. ನಿಜ ಹೇಳಬೇಕೆಂದರೆ, ನೀನು ಬರೆದ ವಿಷಯ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮಗುವಿನ ಫೋಟೋ ನೋಡಿದೆ. ನನ್ನ ಮೂಗನ್ನೇ ಹೊತ್ತು ತಂದಿದ್ದಾನೆ, ಪಾಪ. ಹೆಗಲು ಮಾತ್ರ ನಿನ್ನ ಅಪ್ಪನದು. ಇಲ್ಲಿ ಎಲ್ಲ ಹಾಗೇ ಇದೆ. ಮರಗಳ ತುಂಬ ಬಾವಲಿಗಳು ತಲೆಕೆಳಗಾಗಿ ನೇತಾಡುತ್ತ ಒಂದನ್ನೊಂದು ಬೈಯುತ್ತಿವೆ. ಹೊಸ ಪಾದ್ರಿಯ ಪ್ರಾರ್ಥನೆ ಎಷ್ಟು ಉದ್ದವೆಂದರೆ, ಮುಗಿಯುವಷ್ಟರಲ್ಲಿ ನೆಲದ ಒಲೆಯಲ್ಲಿಟ್ಟ ಹಂದಿಮರಿ ಸೀದುಹೋಗಿರುತ್ತದೆ. ಈ ಸಲದ ಗೆಣಸು ಚೆನ್ನಾಗಿ ಬಂದಿದೆ. ನಿನಗೆ ಕಳಿಸೋಣವೆಂದರೆ ಆಕ್ಲೆಂಡಿನ ಬಂದರಿನಲ್ಲಿ ಮಣ್ಣಿದೆ, ಹುಳುವಿದೆ ಎಂದು ಎಸೆದುಬಿಡುತ್ತಾರಂತೆ. ಅವರ ಊರಿನಲ್ಲಿ ಗೆಣಸು ಮಣ್ಣಿಲ್ಲದೆ ಬೆಳೆಯುತ್ತದೋ ಏನೋ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಕೆಲಸ ಮಾಡುವ ಆಸ್ಪತ್ರೆಯ ಅಡುಗೆಮನೆಗೆ ಆ ಮುದುಕ ಕ್ರಾಡಕ್ ಬಂದು, ನಿನ್ನ ಎದೆಯ ಮೇಲಿನ ಬಿಲ್ಲೆಯಲ್ಲಿ, ಮದುವೆಯಾದ ಮೇಲೂ ನೀನು ಬಿಡದ ತಾವಾಕೆ ಎಂಬ ಹೆಸರು ಓದಿ, "ನೀನು ಐಸಾಕೆ ತಾವಾಕೆಗೆ ಏನಾಗ್ಬೇಕಮ್ಮಾ?" ಎಂದು ಕೇಳಿದನೆಂದು ಬರೆದಿದ್ದೀಯ. ಆ ಸಾಲನ್ನು ಓದಿ ಕಾಗದ ಮಡಚಿಟ್ಟು ಹೊರಗೆ ಹೋಗಿ ಕುಳಿತೆ. ಬಾಕ್ಸಿಂಗಿಗೆ ಮೊದಲು ನಿನ್ನ ಅಪ್ಪನ ಕೈಗೆ ಪಟ್ಟಿ ಸುತ್ತುತ್ತಿದ್ದವನು, ಲಂಡನ್ನಿನಲ್ಲಿ ಅವನ ಬೆನ್ನ ಹಿಂದೆ ನಿಂತಿದ್ದವನು ಇನ್ನೂ ಬದುಕಿದ್ದಾನೆಂದು ನಾನು ಎಣಿಸಿರಲಿಲ್ಲ. ಅವನು ಹೇಳಿದ್ದನ್ನೆಲ್ಲ ನೀನು ಹಾಗೆಯೇ ಬರೆದದ್ದು ಒಳ್ಳೆಯದಾಯಿತು, ಮಗಳೇ. ನೋವಾಯಿತು, ಆದರೂ ಒಳ್ಳೆಯದಾಯಿತು.

ನಿನ್ನ ಅಪ್ಪನನ್ನು ಆ ಕಾಲದಲ್ಲಿ ಜನ ಹೇಗೆ ಕಾಣುತ್ತಿದ್ದರು ಎಂದು ಕೇಳಿದ್ದೀಯ. ಯಾವ ಜನ ಎಂದು ಮೊದಲು ಕೇಳಬೇಕು. ಇಲ್ಲಿಯವರು ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಅವನ ಬಾಕ್ಸಿಂಗ್ ಇದ್ದ ವಾರ ಚರ್ಚಿನಲ್ಲಿ ಹಾಡಿನ ಅಭ್ಯಾಸ ನಿಲ್ಲುತ್ತಿತ್ತು. ಹಳೆಯ ಪಾದ್ರಿ ಅವನ ಬಲಗೈಗೆಂದೇ ಬೇರೆ ಪ್ರಾರ್ಥನೆ ಮಾಡಿಸುತ್ತಿದ್ದರು. ಗಂಡಸರು ಕಾವಾ ಕುಡಿಯುವ ಬಟ್ಟಲಿನ ಸುತ್ತ ಕುಳಿತು, ಪ್ರಪಂಚದ ಹೆವಿವೇಟ್ ಪಟ್ಟ ಕೋಲೋವಾಯಿಗೆ ಬಂದಾಗ ಅದನ್ನು ಯಾರ ಮನೆಯಲ್ಲಿಡುವುದೆಂದು ಜಗಳವಾಡಿಕೊಂಡಿದ್ದೂ ಉಂಟು. ಆ ಪಟ್ಟ ನಡುವಿಗೆ ಕಟ್ಟುವುದೋ ಕೊರಳಿಗೆ ಹಾಕುವುದೋ ಎಂದು ಅವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

ಆ ಕಡೆಯವರ ಕಥೆಯನ್ನು ಕ್ರಾಡಕ್ ನಿನಗೆ ಹೇಳಿದ್ದಾನೆ. "ಅವನನ್ನ ಗೆಲ್ಲೋಕೆ ಅಂತ ಯಾರೂ ಕರೀತಿರ್ಲಿಲ್ಲ ಕಣಮ್ಮಾ. ತಮ್ಮ ಹುಡುಗರ ಹೊಡ್ತ ಎಷ್ಟು ಗಟ್ಟಿ ಅಂತ ನೋಡ್ಕೊಳ್ಳೋಕೆ ಕರೀತಿದ್ರು. ಇವನು ಬೀಳ್ತಿರ್ಲಿಲ್ಲ ನೋಡು, ಅದಕ್ಕೆ." ಪೇಪರಿನವರು ಅವನನ್ನು ತೆಂಗಿನಕಾಯಿ ತಲೆಯವನು ಎನ್ನುತ್ತಿದ್ದರಂತೆ. ಅವರ ಮೆಚ್ಚಿನ ಹುಡುಗನೊಬ್ಬನನ್ನು ಅವನು ಮೊದಲ ಸುತ್ತಿನಲ್ಲೇ ಮಲಗಿಸಿದಾಗ, ಆ ಹುಡುಗನಿಗೆ ಹಿಂದಿನ ದಿನದಿಂದ ನೆಗಡಿಯಿತ್ತು ಎಂದು ಬರೆದರಂತೆ. ನಿನ್ನ ಅಪ್ಪ ಎಂದೂ ಇದನ್ನೆಲ್ಲ ಮನೆಯಲ್ಲಿ ಹೇಳಲಿಲ್ಲ. ಬಿಳಿಯರ ದೇಶದಲ್ಲಿ ನಮ್ಮವನನ್ನು ನೋಡಿ ಜನ ಟೋಪಿ ತೆಗೆಯುತ್ತಾರೆಂದೇ ನಾವು ತಿಳಿದಿದ್ದೆವು. ಅವರು ನಗುತ್ತಿದ್ದರು, ಮೆಲೆಸಿಯು. ನನ್ನ ತಮ್ಮನನ್ನು ನೋಡಿ ನಗುತ್ತಿದ್ದರು ಎಂಬುದನ್ನು ಈ ವಯಸ್ಸಿನಲ್ಲಿ ತಿಳಿದುಕೊಂಡೆ.

ಇನ್ನು ಅಂಗಡಿಯ ಚಿತ್ರದ ಮಾತು. ಆಗ ನೀನಿನ್ನೂ ಚಿಕ್ಕವಳು, ಅರ್ಧಂಬರ್ಧ ಕೇಳಿಸಿಕೊಂಡಿರುತ್ತೀಯ. ಪೂರ್ತಿ ಹೇಳುತ್ತೇನೆ.

ಲಂಡನ್ನಿನ ದೊಡ್ಡ ಪಂದ್ಯಕ್ಕೆ ಮೊದಲು ಅವನ ಚಿತ್ರವೊಂದು ಹಡಗಿನಲ್ಲಿ ಬಂತು. ಕೊಬ್ಬರಿ ಕೊಳ್ಳುವ ಸಾಹುಕಾರ ಅದನ್ನು ತನ್ನ ಅಂಗಡಿಯ ಮುಂದಿನ ಗಾಜಿಗೆ ಅಂಟಿಸಿದ. ಆಳೆತ್ತರದ ಚಿತ್ರವಂತೆ. ತುಂಡು ಚಡ್ಡಿಯೊಂದು ಬಿಟ್ಟರೆ ಮೈಮೇಲೆ ಬಟ್ಟೆಯಿಲ್ಲವಂತೆ. ಊರಿನ ಹೆಂಗಸರೆಲ್ಲ ನೋಡಿ ಬಂದರು. ನಾನು ಹೋಗುವಂತಿರಲಿಲ್ಲ. ಒಡಹುಟ್ಟಿದವನ ಬರಿಮೈಯನ್ನು ಅಕ್ಕ ನೋಡುವುದೆ! ಬುದ್ಧಿ ಬಂದ ಮೇಲೆ ನಾವಿಬ್ಬರೂ ಒಂದೇ ಸೂರಿನಡಿ ಮಲಗಿದವರಲ್ಲ, ಒಂದೇ ಚಾಪೆಯ ಮೇಲೆ ಕುಳಿತವರಲ್ಲ, ಎದುರಾಬದುರು ನಿಂತು ನಕ್ಕವರಲ್ಲ. ನಾನಿರುವಲ್ಲಿ ಯಾರಾದರೂ ಪೋಲಿ ಮಾತಾಡಿದರೆ ಅವನು ಎದ್ದು ಹೋಗುತ್ತಿದ್ದ, ಅವನಿರುವಲ್ಲಿ ಆಡಿದರೆ ನಾನು. ನಮ್ಮಲ್ಲಿ ಪ್ರೀತಿಯೆಂದರೆ ಅದೇ. ಆಕ್ಲೆಂಡಿನಲ್ಲಿ ಅಣ್ಣತಂಗಿಯರು ಒಂದೇ ಸೋಫಾದಲ್ಲಿ ಕುಳಿತು ಸಿನಿಮಾ ನೋಡುತ್ತಾರಂತೆ, ನಿನಗೆ ಇದು ಹುಚ್ಚೆನಿಸಬಹುದು.

ಸೀಮೆಎಣ್ಣೆ, ಸಕ್ಕರೆ ಎಲ್ಲಕ್ಕೂ ಆ ಅಂಗಡಿಯೇ ಗತಿ. ಚಿತ್ರ ಅಲ್ಲಿದ್ದಷ್ಟು ದಿನವೂ ನಾನು ಹಿತ್ತಲಿನಿಂದ ಹೋದೆ. ಹಳಸಿದ ಕೊಬ್ಬರಿಯ ಮೂಟೆಗಳ ನಡುವೆ ತೂರಿಕೊಂಡು, ಸಾಹುಕಾರನ ನಾಯಿಯಿಂದ ಬೊಗಳಿಸಿಕೊಂಡು ಹೋದೆ. "ಮುಂದಿನ ಬಾಗಿಲು ನಿಂಗೆ ಏನ್ ಮಾಡಿತ್ತು ಲೆಸಿಯೇಲಿ?" ಎಂದು ಅವನು ನಗುತ್ತಿದ್ದ. ಬಿಳಿಯ, ಅವನಿಗೇನು ಗೊತ್ತು.

ನಿನ್ನ ಅಪ್ಪ ಸೋತ. ತಂತಿ ಬಂತು. ನಾಲ್ಕನೆಯ ಸುತ್ತಿನಲ್ಲಿ ಬಿದ್ದವನು ಏಳಲಿಲ್ಲ ಎಂದು ಪಟ್ಟಣದ ಬಸ್ಸಿನಿಂದ ಇಳಿದವರು ಹೇಳಿದರು. ಎಂದೂ ಬೀಳದವನು ಹೇಗೆ ಬಿದ್ದ? ಊರಿಗೆ ಕಾರಣ ಬೇಕಾಗಿತ್ತು. ಆ ಇಂಗ್ಲಿಷಿನವನು ಇವನಿಗಿಂತ ಚೆನ್ನಾಗಿ ಹೊಡೆದಿರಬಹುದು ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಮನೆಯೊಳಗಿನದೇ ಏನೋ ಕೆಟ್ಟಿದೆ, ಒಡಹುಟ್ಟಿದವರ ನಡುವಿನ ಮರ್ಯಾದೆ ಮುರಿದಿದೆ, ಅದರ ಕೇಡು ಅವನಿಗೆ ತಗುಲಿದೆ ಎಂದರು. ಪಕ್ಕದ ಮನೆಯ ಪಿಸಿನಾ ಚಾಪೆ ಹೆಣೆಯುತ್ತ ಕುಳಿತಿದ್ದವರ ನಡುವೆ ಬಾಯಿಬಿಟ್ಟಳು. "ನಾನೇ ಕಣ್ಣಾರೆ ನೋಡಿದೀನಿ ಕಣ್ರೇ. ಎಣ್ಣೆ ಡಬ್ಬಿ ಹಿಡ್ಕೊಂಡು ಆ ಗಾಜಿನ ಮುಂದೆ ನಿಂತಿದ್ಲು. ನಿಂತೇ ಇದ್ಲು!" ನಾನು ಅಲ್ಲೇ ಇದ್ದೆ. "ನೀನು ನೋಡಿದ್ದು ನನ್ನನ್ನಲ್ಲ ಪಿಸಿನಾ" ಎಂದೆ. "ಇಷ್ಟು ಅಗಲದ ಬೆನ್ನು ಈ ಊರಲ್ಲಿ ಇನ್ಯಾರಿಗಿದೆ ತಾಯಿ?" ಎಂದಳು. ಎಲ್ಲರೂ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಮರುದಿನ ನನ್ನ ಚಾಪೆಯ ತುದಿ ಹಿಡಿಯಲು ಒಬ್ಬಳೂ ಬರಲಿಲ್ಲ.

ಅವನು ಊರಿಗೆ ಮರಳಿದ ಮೇಲೆ ಕೈ ನಡುಗತೊಡಗಿತು, ಮಾತು ತೊದಲಿತು. ಪ್ರತಿಯೊಂದೂ ನನ್ನ ತಲೆಗೇ ಬಂತು. ಅವನು ಬಟ್ಟಲು ಕೆಳಗೆ ಬೀಳಿಸಿದರೆ ಜನ ತಿರುಗಿ ನನ್ನ ಮನೆಯ ಕಡೆ ನೋಡುತ್ತಿದ್ದರು. ಅಷ್ಟು ವರ್ಷ ಆ ನೋಟವನ್ನು ಹೊತ್ತು ಚರ್ಚಿಗೆ ಹೋಗಿ ಬಂದಿದ್ದೇನೆ. ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ಎರಡನ್ನೂ ಮನೆಯಲ್ಲೇ ಇಟ್ಟು ಹೋಗುತ್ತಿದ್ದೆ.

ಈಗ ಕ್ರಾಡಕ್ ಹೇಳುತ್ತಾನೆ, ನಿನ್ನ ಅಪ್ಪನ ಎಡಗಣ್ಣು ಆ ಚಿತ್ರ ಬರುವುದಕ್ಕೆ ಮುಂಚೆಯೇ ಸಿಡ್ನಿಯಲ್ಲಿ ಹೋಗಿತ್ತೆಂದು. ಡಾಕ್ಟರರ ಗೋಡೆಯ ಮೇಲಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಪರೀಕ್ಷೆ ದಾಟುತ್ತಿದ್ದನೆಂದು. ಭಾನುವಾರದ ಶಾಲೆಯಲ್ಲಿ ಒಂದು ಹಾಡನ್ನೂ ಬಾಯಿಪಾಠ ಮಾಡದವನು! ಎಡಗಡೆಯಿಂದ ಬಂದ ಹೊಡೆತ ಅವನಿಗೆ ಕಾಣಿಸಲೇ ಇಲ್ಲ, ಇಷ್ಟೇ. ಕುರುಡುಗಣ್ಣಿನವನನ್ನು ಕಣಕ್ಕೆ ಇಳಿಸಿದವರು ಹಾಯಾಗಿ ಮನೆಗೆ ಹೋಗಿ ಮಲಗಿದರು.

ನಿನ್ನ ಕಾಗದವನ್ನು ಹಿಡಿದುಕೊಂಡು ಪಿಸಿನಾಳ ಮನೆಗೆ ಹೋದೆ. ಈಗ ಅವಳಿಗೆ ಹಲ್ಲಿಲ್ಲ, ನಾಲಿಗೆ ಮಾತ್ರ ಹಾಗೇ ಇದೆ. ಓದಿ ಹೇಳಿದೆ. ಕೇಳಿಸಿಕೊಂಡಳು. "ಕಣ್ಣು ಹೋಗಿತ್ತಾ? ಅಯ್ಯೋ ಪಾಪ. ಅದ್ಸರಿ, ಕಣ್ಣು ಯಾಕೆ ಹೋಯ್ತು?" ಎಂದಳು.

"ಹೊಡ್ತ ಬಿದ್ದು ಹೋಯ್ತು ಕಣೇ. ಚಿತ್ರ ಬರೋಕೆ ಮುಂಚೆ."

"ಅದಕ್ಕೂ ಮುಂಚೆ ನೀನು ಏನೇನ್ ನೋಡಿದ್ಯೋ, ಯಾರಿಗ್ ಗೊತ್ತು?" ಎಂದು ನನ್ನ ಕೈಗೆ ಬೇಯಿಸಿದ ಬಾಳೆಹಣ್ಣು ಕೊಟ್ಟಳು. ತಿಂದು ಮನೆಗೆ ಬಂದೆ. ಅವಳು ಕೆಟ್ಟವಳಲ್ಲ. ಐಸಾಕೆ ಸೋಲುವವನು ಎಂದು ನಂಬಲು ಅವಳಿಂದ ಆಗುವುದಿಲ್ಲ, ಅಷ್ಟೇ. ಈ ಊರಿನವರು ನಿಜಕ್ಕೂ ಅವನನ್ನು ಅಷ್ಟು ಪ್ರೀತಿಸಿದ್ದರು.

ನೀನು ಕಡೆಯಲ್ಲಿ ಕೇಳಿದ್ದೀಯ: "ಅತ್ತೆ, ಅಪ್ಪನೂ ಅದನ್ನು ನಂಬಿದ್ದನಾ?" ನನಗೆ ಗೊತ್ತಿಲ್ಲ, ಮಗಳೇ. ಅವನು ನನ್ನೊಡನೆ ಆ ಮಾತು ಎತ್ತಲಿಲ್ಲ. ಅಕ್ಕನೊಡನೆ ತಮ್ಮ ಎತ್ತುವ ಮಾತೂ ಅದಲ್ಲ. ಪ್ರತಿ ವರ್ಷ ಹೊಲದ ಮೊದಲ ಗೆಣಸು, ಎಲ್ಲಕ್ಕಿಂತ ದೊಡ್ಡದು, ನನ್ನ ಬಾಗಿಲಿಗೆ ಬರುತ್ತಿತ್ತು. ನಡುಗುವ ಕೈಯಲ್ಲಿ ತಾನೇ ಅಗೆದು ಕಳಿಸುತ್ತಿದ್ದ. ಅದು ಪ್ರೀತಿಯೋ, ಅಕ್ಕನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದ್ದೋ, ಗೆಣಸನ್ನು ನೋಡಿ ಹೇಳಲಾದೀತೆ? ಮಾತಾಡದೆ ಇದ್ದದ್ದು ಗೌರವವೋ ಸಿಟ್ಟೋ, ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಹೆಸರಿನ ವಿಷಯ. ನಿನ್ನ ಗಂಡನಿಗೆ ಅಕ್ಕತಂಗಿಯರಿದ್ದಿದ್ದರೆ ಆ ಹಕ್ಕು ಅವರದಾಗುತ್ತಿತ್ತು. ಬಿಳಿಯರ ಮನೆಯ ಒಬ್ಬನೇ ಮಗನನ್ನು ಮದುವೆಯಾಗಿ ನನಗೆ ಒಳ್ಳೆಯ ಲಾಭ ಮಾಡಿಕೊಟ್ಟೆ. ನಿನ್ನ ಅಪ್ಪನ ಅಕ್ಕನಾಗಿ ಹೇಳುತ್ತೇನೆ: ಮಗುವಿಗೆ ಐಸಾಕೆ ಎಂದೇ ಹೆಸರಿಡು. ಸೋತವನ ಹೆಸರು ಎಂದು ಯಾರಾದರೂ ಮೂಗು ಮುರಿದರೆ ನನ್ನ ಹತ್ತಿರ ಕಳಿಸು. ಅವನಿಗೊಬ್ಬಳು ತಂಗಿ ಹುಟ್ಟಲಿ. ನಾವು ಬದುಕಿದ ಹಾಗೆ ಅವರು ಬದುಕುವುದು ಬೇಡ. ಒಂದೇ ತಟ್ಟೆಯಲ್ಲಿ ಉಣ್ಣಲಿ, ಜಗಳವಾಡಲಿ, ಮುಖ ನೋಡಿಕೊಂಡು ಕೇಳಬೇಕಾದ್ದನ್ನು ಕೇಳಲಿ. ಸಂಪ್ರದಾಯ ಬಿಟ್ಟ ಮುದುಕಿ ಎಂದು ಇಲ್ಲಿಯವರು ಅಂದರೆ ಅನ್ನಲಿ, ನನ್ನ ಮೇಲೆ ಅವರು ಹೊರಿಸದೆ ಬಿಟ್ಟದ್ದು ಇನ್ನೇನಿದೆ?

ದೇವರು ನಿನ್ನ ಮನೆಯನ್ನು ಬೆಚ್ಚಗಿಡಲಿ. ನಿನ್ನ ಹಾಲು ಬತ್ತದಿರಲಿ, ಮಗುವಿನ ಎರಡು ಕಣ್ಣೂ ನಿಚ್ಚಳವಾಗಿರಲಿ. ನಿನ್ನ ಜೊತೆಗಿರುವ ಅಮ್ಮನ ಮಂಡಿನೋವಿಗೆ ಎಲೆ ಕಾಯಿಸಿದ ಎಣ್ಣೆ ಕಳಿಸಿದ್ದೇನೆ, ಬಿಸಿಮಾಡಿ ಹಚ್ಚು.

ನಿನ್ನ ಪ್ರೀತಿಯ ಅತ್ತೆ,
ಲೆಸಿಯೇಲಿ ತಾವಾಕೆ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನನಗೆ ಗೊತ್ತಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು, ಮೆಲೆಸಿಯು. ಗೊತ್ತಿದೆ. ನಿನ್ನ ಅಪ್ಪನ ಕಡೆಯ ದಿನ ನಾನು ಅವನಿದ್ದ ಕೋಣೆಗೆ ಹೋಗುವಂತಿರಲಿಲ್ಲ, ಹೊರಗೆ ಗೋಡೆಗೆ ಒರಗಿ ಕುಳಿತಿದ್ದೆ. ನಿನ್ನ ಅಮ್ಮ ಕಣ್ಣೊರೆಸಿಕೊಂಡು ಬಂದಳು. "ಅಕ್ಕಾ, ಅವ್ರು ಒಂದ್ ಮಾತು ಹೇಳಿ ಕಳಿಸಿದಾರೆ. ಅಂಗಡಿ ಚಿತ್ರ ನೋಡಿದ್ದನ್ನ ನಾನು ಯಾವತ್ತೋ ಕ್ಷಮಿಸಿಬಿಟ್ಟಿದೀನಿ, ಅಕ್ಕನಿಗೆ ಹೇಳು ಅಂದ್ರು" ಎಂದಳು. ಅವಳ ಮುಖದಲ್ಲಿ ಎಷ್ಟು ಸಂತೋಷವಿತ್ತು! ನನಗೆ ಒಳ್ಳೆಯ ಸುದ್ದಿ ತಂದೆನೆಂದು ಇವತ್ತಿಗೂ ತಿಳಿದಿದ್ದಾಳೆ, ದಯವಿಟ್ಟು ಅವಳಿಗೆ ಇದನ್ನು ಓದಿ ಹೇಳಬೇಡ. ನಾನು ನೋಡಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಳಗೆ ಅವನು ಉಸಿರಿಗೆ ಒದ್ದಾಡುವುದು ಕೇಳಿಸುತ್ತಿತ್ತು. ಉತ್ತರಕ್ಕೆ ಕಾಯುತ್ತಿದ್ದಾನೆ ಎನಿಸಿತು. ಸಾಯುವವನೊಡನೆ ವಾದಕ್ಕೆ ನಿಲ್ಲಲೆ? "ಅಕ್ಕನಿಗೆ ಈಗ ಸಮಾಧಾನ ಆಯ್ತು ಅಂತ ಹೇಳಮ್ಮಾ" ಎಂದೆ. ನೋಡಿಲ್ಲದ ಚಿತ್ರವನ್ನು ನೋಡಿದ್ದೇನೆಂದು ನನ್ನ ತಮ್ಮನಿಗೆ ಕೊನೆಗೆ ನಾನೇ ಹೇಳಿ ಕಳಿಸಿದೆ.