ಮೂರನೇ ಮಹಡಿಯ ಪರದೆ

ಕಿನುಯೊ,

ನೀನು ಕಳಿಸಿದ ಮೂಲಂಗಿ ಉಪ್ಪಿನಕಾಯಿ ತಲುಪಿತು. ಉಪ್ಪು ಹೆಚ್ಚಾಗಿತ್ತು. ಆದರೂ ಖಾಲಿಯಾಯಿತು.

ಭಾನುವಾರ ದೇವರ ಪಲ್ಲಕ್ಕಿ ಈ ಆಸ್ಪತ್ರೆಯ ಬೀದಿಯಲ್ಲೇ ಬರುತ್ತದಂತೆ. ಪಲ್ಲಕ್ಕಿಯ ಮುಂಭಾಗದ ನನ್ನ ಜಾಗದಲ್ಲಿ ಈ ಸಲ ನೀನೇ ಹೆಗಲು ಕೊಡುತ್ತೀಯೆಂದು ಅಕ್ಕಿ ಅಂಗಡಿಯ ಮೊರಿತಾನಿ ಬಂದು ಹೇಳಿದ. ನೀನು ಹೇಳಲಿಲ್ಲ. ಇರಲಿ. ಮುಂದೆ ಭಾರ ಹೆಚ್ಚು, ಹೆಗಲಿಗೆ ದಪ್ಪ ಟವೆಲ್ ಇಟ್ಟುಕೋ. ನನ್ನ ಹಬ್ಬದ ಅಂಗಿ ತೊಡುವುದಾದರೆ ತೋಳು ಮಡಿಚಿ ಹೊಲಿದುಕೋ.

ಇಲ್ಲಿಯ ನರ್ಸ್ ಹುಡುಗಿ, "ಅಜ್ಜ, ಮಂಚಾನೇ ಕಿಟಕಿ ಹತ್ರ ತಳ್ತೀನಿ. ಮೂರನೇ ಮಹಡಿಯಿಂದ ಎಲ್ಲಾ ಚೆನ್ನಾಗಿ ಕಾಣುತ್ತೆ" ಎಂದಳು.

"ದೇವರ ನೆತ್ತಿ ಮೇಲೆ ಕೂತು ನೋಡೋಕೆ ನಾನೇನು ಕಾಗೆನಾ?" ಎಂದೆ.

ಬೇರೆ ಊರಿನವಳು, ನಕ್ಕಳು. ಆ ದಿನ ನಮ್ಮ ಬೀದಿಯವರು ಮಹಡಿಯ ಕಿಟಕಿಗಳನ್ನೆಲ್ಲ ಮುಚ್ಚುವುದು ಅವಳಿಗೆ ಹೇಗೆ ಗೊತ್ತಾಗಬೇಕು? ಕೆಳಗಿಳಿಯೋಣವೆಂದರೆ ಮುರಿದ ಕಾಲನ್ನು ತೂಗುಹಾಕಿದ್ದಾರೆ. ಹಾಗಾಗಿ ಮಂಚವನ್ನು ಕಿಟಕಿ ಪಕ್ಕಕ್ಕೆ ತಳ್ಳಿಸಿಕೊಂಡರೂ ಪರದೆ ಎಳೆದುಕೊಂಡೇ ಮಲಗಿರುತ್ತೇನೆ. ಕಿಟಕಿಯ ಕೆಳಗೆ ಬಂದಾಗ ಹೊರುವವರೆಲ್ಲರ ಜೊತೆ "ವಾಶ್ಶೊಯ್" ಎಂದು ಜೋರಾಗಿ ಕೂಗು. ಅಷ್ಟು ಜನರ ನಡುವೆಯೂ ನಿನ್ನ ದನಿ ತಿಳಿಯುತ್ತದೆ. ಇಷ್ಟು ವರ್ಷ ನನ್ನ ಬೆನ್ನ ಹಿಂದೆಯೇ ನಿಂತು ಕಿವಿಯಲ್ಲಿ ಕೂಗಿದವಳಲ್ಲವೇ.

ಪಲ್ಲಕ್ಕಿ ಹೊತ್ತಾಗ ಅತ್ತಿತ್ತ ನೋಡಬೇಡವೆಂದು ಪ್ರತಿ ಸಲವೂ ಬೈಯುತ್ತಿದ್ದೆ. ಈ ಸಲ ಒಮ್ಮೆ ತಲೆ ಎತ್ತು. ಮೇಲಿಂದ ಕೆಳಗೆ ನೋಡುವುದಷ್ಟೇ ತಪ್ಪು, ಕೆಳಗಿಂದ ಮೇಲೆ ನೋಡಿದರೆ ದೇವರೇನೂ ಅನ್ನುವುದಿಲ್ಲ. ಪರದೆಯ ಸಂದಿಯಿಂದ ನನ್ನ ಕೈ ಹೊರಗಿರುತ್ತದೆ.

ನಿನ್ನ
ತೊಕುಜಿ