ನಾಯಿ ಅಡ್ಡ ಬಂತು

ಮಾರ್ಚ್ 4, ಸೋಮವಾರ

ಆರೂವರೆಗೆ ವ್ಯಾನ್ ತೊಳೆದೆ. ಹಿಂದಿನ ಕಬ್ಬಿಣದ ಬೆಂಚಿನ ಕೆಳಗೆ ಒಂದು ಚಪ್ಪಲಿ, ಎಡಗಾಲಿನದು. ಠಾಣೆಯ ಸ್ಟೋರ್‌ರೂಮಿಗೆ ಕೊಟ್ಟೆ. ಠಾಣೆಯಿಂದ ಕೋರ್ಟಿಗೆ ಎರಡು ಟ್ರಿಪ್. ಕಾಯುವಾಗ ಕಾದಂಬರಿ ನಲವತ್ತು ಪುಟ ಓದಿದೆ. ಅನುವಾದ. ಹೆಸರುಗಳು ಉದ್ದುದ್ದ — ಯಾರು ಯಾರ ತಮ್ಮ ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ವಾಪಸ್ ಬರುವಾಗ ಬೆನ್ನ ಹಿಂದಿನ ಜಾಲರಿಗೆ ಎರಡು ಸಲ ಟಕ್ ಟಕ್. ಹೆಡ್ ಕಾನ್‌ಸ್ಟೆಬಲ್ಲರ ಲಾಠಿ. ಅಂದರೆ ‘ತೊಟ್ಟಿಲು ತೂಗು’. ವೇಗ ಏರಿಸಿ, ಖಾಲಿ ರಸ್ತೆಯಲ್ಲಿ ಗಕ್ಕನೆ ಬ್ರೇಕ್ ಒತ್ತಬೇಕು. ಹೆಡ್ ಸೀಟ್ ಬೆಲ್ಟ್ ಹಾಕಿಕೊಂಡಿರುತ್ತಾರೆ. ಆರೋಪಿಯ ಕೈ ಬೆನ್ನ ಹಿಂದೆ ಬೇಡಿಯಲ್ಲಿ. ನಾವು ಕೈ ಮಾಡಿದೆವು ಎಂದು ಯಾರೂ ಹೇಳುವಂತಿಲ್ಲ.

ಇವತ್ತಿನವನಿಗೆ ಹಣೆ ತರಚಿತು, ಅಷ್ಟೇ. ಲಾಗ್‌ಬುಕ್ಕಿನಲ್ಲಿ ಎಂದಿನಂತೆ: ನಾಯಿ ಅಡ್ಡ ಬಂತು, ಬ್ರೇಕ್ ಹಾಕಿದೆ.

ಮಾರ್ಚ್ 7, ಗುರುವಾರ, ಸಂಜೆ 6

ಟೈಲರ್ ಒಬ್ಬ. ಐವತ್ತರ ಆಸುಪಾಸು. ಅಂಗಡಿ ಮುಂದೆ ಯಾರೋ ಕಾರು ನಿಲ್ಲಿಸಿದ್ದಕ್ಕೆ ಜಗಳ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ತಾನೇ ವ್ಯಾನ್ ಹತ್ತಿದ. ಕಸಿದುಕೊಂಡ ಫೋನಿಗೂ ಕತ್ತರಿಗೂ ರಸೀದಿ ಕೇಳಿದ. ಮೂರು ಸಲ. ಮೂರನೆಯ ಸಲವೂ ಮೆತ್ತಗೇ. ಆಮೇಲೆ ಜಾಲರಿಯ ಹತ್ತಿರ ಬಗ್ಗಿ ನನಗೆ ಹೇಳಿದ:

“ಅಣ್ಣ, ಕೈ ಹಿಂದೆ ಕಟ್ಟಿದ್ದಾರೆ, ಹಿಡ್ಕೊಳ್ಳೋಕೆ ಆಗಲ್ಲ. ಸ್ವಲ್ಪ ನಿಧಾನ ಹೋಗಿ.”

“ಸಾಹೇಬ್ರಿಗೆ ರಸೀದಿ ಬೇಕಂತೆ,” ಎಂದರು ಹೆಡ್. “ಕೊಟ್ಬಿಡಪ್ಪ.”

ಟಕ್ ಟಕ್.

ಗೋದಾಮುಗಳ ಸಾಲಿನ ನೇರ ರಸ್ತೆ. ಮೀಟರಿನಲ್ಲಿ ಅರವತ್ತೆರಡು. ಒತ್ತಿದೆ. ಹಣೆ ಬಡಿಯುವ ಸದ್ದು ನನಗೆ ಗೊತ್ತು. ಇದು ಅದಲ್ಲ. ಆಮೇಲೆ ಏನೂ ಕೇಳಿಸಲಿಲ್ಲ. “ಏಳೋ, ನಾಟಕ ಸಾಕು” ಎಂದರು ಹೆಡ್. ಠಾಣೆ ತಲುಪುವವರೆಗೆ ಆರು ಸಲ ಅದನ್ನೇ ಅಂದರು. ಇಳಿಸಿದಾಗ ಅವನ ಕಾಲು ನೆಲಕ್ಕೆ ಊರಲಿಲ್ಲ.

ಲಾಗ್‌ಬುಕ್ ಬರೆದೆ. ಅಕ್ಷರ ದುಂಡಗೇ ಬಂತು.

ಮಾರ್ಚ್ 8

ವ್ಯಾನ್ ತೊಳೆದೆ. ಬೆಂಚಿನ ಕೆಳಗೆ ಟೇಪು. ಸ್ಟೋರಿಗೆ ಕೊಡಲಿಲ್ಲ.

ಮಾರ್ಚ್ 19, ಮಂಗಳವಾರ

ಕತ್ತಿನ ಮೂಳೆ ಮುರಿದಿದೆ. ಬೆರಳಿಗೆ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲವಂತೆ. ಟೈಲರಿಗೆ.

ತನಿಖೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದಾರೆ. 28ಕ್ಕೆ ನನ್ನ ಹೇಳಿಕೆ. ಹೆಡ್ ತಾವೇ ಟೀ ತಂದುಕೊಟ್ಟರು, ಒಂಬತ್ತು ವರ್ಷದಲ್ಲಿ ಮೊದಲ ಸಲ. ಅಪ್ಪನ ಆರೋಗ್ಯ ವಿಚಾರಿಸಿದರು. ಕ್ವಾರ್ಟರ್ಸ್ ಕೈಬಿಟ್ಟು ಹೋದರೆ ಅವರನ್ನು ಎಲ್ಲಿ ಇಡುತ್ತೀಯ ಎಂದೂ ಕೇಳಿದರು. ಆಮೇಲೆ, ನಾಯಿಯ ಬಣ್ಣ ಇಬ್ಬರೂ ಒಂದೇ ಹೇಳಬೇಕಲ್ಲ ಎಂದರು. ಕಂದು ಎಂದು ತೀರ್ಮಾನವಾಯಿತು. ಬಾಲ ಹೇಗಿತ್ತು ಅಂತಲೂ ಕೇಳಬಹುದಲ್ಲ ಎಂದೆ. ತಮಾಷೆಗೆ ಅಂದದ್ದಲ್ಲ.

“ನಾಯಿ ಬಾಲ ಯಾವತ್ತಪ್ಪ ನೆಟ್ಟಗಿತ್ತು?”

ಹೆಡ್ ನಕ್ಕರು. ನಾನೂ ನಕ್ಕೆ. ಅದನ್ನೂ ಇಲ್ಲಿ ಬರೆದಿಡಬೇಕು.

ಮಾರ್ಚ್ 23, ಶನಿವಾರ

ಅಪ್ಪ ಮೂವತ್ತೊಂದು ವರ್ಷ ಬಸ್ ಓಡಿಸಿದವರು. ನನಗೆ ಡ್ರೈವಿಂಗ್ ಕಲಿಸುವಾಗ ಪಕ್ಕದ ಸೀಟಿನಲ್ಲಿ ತುಂಬಿದ ನೀರಿನ ಲೋಟ ಹಿಡಿದು ಕೂರುತ್ತಿದ್ದರು. ತುಳುಕಿದರೆ ಮತ್ತೆ ಮೊದಲಿನಿಂದ.

ಪೇಪರಿನಲ್ಲಿ ಬಂದದ್ದನ್ನು ಓದಿದ್ದಾರೆ. ಮಧ್ಯಾಹ್ನ ಊಟಕ್ಕೆ ಕೂತಾಗ ಏನಾಯಿತು ಎಂದು ಕೇಳಿದರು. ನಾಯಿ ಎಂದೆ. ಕಂದು ಎಂದೂ ಹೇಳಿದೆ. ಬಡಿಸುತ್ತಿದ್ದ ಹೆಂಡತಿ, ಪಾಪ, ಅದು ಬದುಕಿತಾ ಎಂದು ಕೇಳಿದಳು. ಹೂಂ ಎಂದೆ.

ಅಪ್ಪ ಊಟ ಮುಗಿಸಿ, ಕೈ ತೊಳೆದು ಬಂದು, ನಿಂತೇ ಹೇಳಿದರು:

“ಜನ ಇರೋ ಗಾಡಿನ ನಾಯಿಗೋಸ್ಕರ ಹಂಗೆ ನಿಲ್ಲಿಸಬಾರದು ಅಂತ ಹೇಳಿಕೊಟ್ಟಿದ್ದು ನಾನೇ ಅಲ್ವೇನೋ?”

ಡ್ರೈವರ್ ಆದವನಿಗೆ ಮೊದಲ ದಿನ ಹೇಳಿಕೊಡುವ ಮಾತು. ಒಂಬತ್ತು ವರ್ಷ ನಾನು ಲಾಗ್‌ಬುಕ್ಕಿನಲ್ಲಿ ಬರೆದ ನೆಪ ಬೇರೆ ಯಾರಿಗೆ ಒಪ್ಪಿದರೂ ಡ್ರೈವರಿಗೆ ಒಪ್ಪುವುದಲ್ಲ. ಅದು ನನಗೇ ಹೊಳೆದಿರಲಿಲ್ಲ.

ಅಪ್ಪ ತಮ್ಮ ಲೋಟ ತೊಳೆದು, ಬೋರಲು ಹಾಕಿ, ಒಳಗೆ ಹೋದರು.

ಮಾರ್ಚ್ 26, ಮಂಗಳವಾರ

ಯೂನಿಫಾರ್ಮ್ ಬಿಚ್ಚಿಟ್ಟು ಆಸ್ಪತ್ರೆಗೆ ಹೋದೆ. ಜೇಬಿನಲ್ಲಿ ಟೇಪು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಟೈಲರನ ಹೆಂಡತಿ. ಬ್ಯಾಗು ಸರಿಸಿ ಜಾಗ ಮಾಡಿಕೊಟ್ಟರು. ಯಾರನ್ನು ನೋಡೋಕೆ ಬಂದಿರಿ ಎಂದು ಕೇಳಿದರು. ಸಂಬಂಧಿಕರೊಬ್ಬರನ್ನು ಎಂದೆ.

ತಾವಾಗಿಯೇ ಹೇಳಿಕೊಂಡರು. ಗಂಡನಿಗೆ ಎಲ್ಲ ನೆನಪಿದೆ, ಆದರೆ ಕೇಸು ಹಾಕಿಸಿಕೊಂಡವರ ಮಾತು ಯಾರು ನಂಬುತ್ತಾರೆ. ಹೆಡ್ ಹೇಗೂ ಬಾಯಿ ಬಿಡುವವರಲ್ಲ.

“ಇನ್ನು ಆ ಡ್ರೈವರೇ ಹೇಳಬೇಕು. ರಸ್ತೆ ನೋಡ್ತಾ ಇದ್ದವನು ಅವನೊಬ್ಬನೇ ಅಲ್ವಾ ಅಣ್ಣ?”

ಹೌದು ಎಂದೆ. ಟೇಪು ಜೇಬಿನಲ್ಲೇ ವಾಪಸ್ ಬಂತು.

ಮಾರ್ಚ್ 28, ಗುರುವಾರ, ಬೆಳಿಗ್ಗೆ 7

ಹನ್ನೊಂದಕ್ಕೆ ಹೇಳಿಕೆ. ನಿನ್ನೆ ಹಳೆಯ ಲಾಗ್‌ಬುಕ್ಕುಗಳನ್ನೆಲ್ಲ ತಿರುವಿ ಹಾಕಿದೆ. ಹದಿನೇಳು ನಾಯಿ. ಹದಿನಾಲ್ಕು ಅದೇ ಗೋದಾಮಿನ ರಸ್ತೆಯಲ್ಲಿ. ಎಲ್ಲ ನನ್ನ ಅಕ್ಷರ. ಆ ರಸ್ತೆಯಲ್ಲಿ ನಾನು ಒಂದೇ ಒಂದು ನಾಯಿಯನ್ನೂ ನೋಡಿದ ನೆನಪಿಲ್ಲ.

ಹೆಡ್ ಫೋನ್ ಮಾಡಿದ್ದರು. ಕಂದು, ಮರೆಯಬೇಡ ಎಂದರು. ಹೂಂ ಎಂದೆ. ಎಲ್ಲರಿಗೂ ಹೂಂ ಎನ್ನುತ್ತೇನೆ.

ಅಲ್ಲಿ ನಾಲಿಗೆ ಏಳದಿದ್ದರೆ ಓದಿ ಹೇಳಬಹುದು. ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ.

ರಸ್ತೆ ಖಾಲಿ ಇತ್ತು. ನಾಯಿ ಇರಲಿಲ್ಲ. ನಿಧಾನ ಹೋಗಿ ಎಂದು ಅವರು ನನ್ನನ್ನು ಕೇಳಿಕೊಂಡಿದ್ದರು. ಹಿಂದಿನಿಂದ ಹೆಡ್ ಎರಡು ಸಲ ತಟ್ಟಿದರು. ಆಗ ಬ್ರೇಕ್ ಬಿತ್ತು — ಅಲ್ಲ, ಬ್ರೇಕ್ ತಾನಾಗಿ ಬೀಳುವುದಿಲ್ಲ. ಆಗ ನಾನು