ದಡದಲ್ಲಿ ನಿಂತ ನಿಮ್ಮ ಮಗ

ಎಂವಿಪಿ ಕಾಲೋನಿ, ವಿಶಾಖಪಟ್ಟಣ
೧೮-೧-೮೮

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರ.

ನಿನ್ನೆ ಇವರ ಬ್ಯಾಂಕಿನವರೆಲ್ಲ ಡಾಲ್ಫಿನ್ ನೋಡಲು ಲಾಂಚಿನಲ್ಲಿ ಕಡಲಿಗೆ ಹೊರಟರು. ಬಸುರಿಯ ಗಂಡ ಸಮುದ್ರಕ್ಕೆ ಇಳಿಯಬಾರದೆಂದು ನೀವು ಬರೆದಿದ್ದಿರಲ್ಲ, ನಿಮ್ಮ ಮಗ ದಡದಲ್ಲೇ ನಿಂತರು. “ನೀನೂ ಬೇಡ ಕಣೆ” ಎಂದರು. “ಶಾಸ್ತ್ರ ಹೇಳಿರೋದು ನಿಮಗೆ, ನನಗಲ್ಲ” ಎಂದು ಚಪ್ಪಲಿ ಬಿಚ್ಚಿ ಅವರ ಕೈಗೆ ಕೊಟ್ಟು ಹತ್ತಿಯೇಬಿಟ್ಟೆ. ಬಿಳಿಹಕ್ಕಿಗಳು ಮುತ್ತಿದ್ದ ಕಡೆಗೆ ಲಾಂಚು ತಿರುಗಿತು. ಅಲ್ಲಿ ತಾಯಿ ಡಾಲ್ಫಿನ್ ಒಂದು ಮರಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ನೀರಿನಿಂದ ಮೇಲಕ್ಕೆ ನೆಗೆಯಿತು. ಮ್ಯಾನೇಜರೂ ಸೇರಿ ಎಲ್ಲರೂ ವಾಂತಿ ಮಾಡಿಕೊಂಡರು, ನಾನು ಮೊಸರನ್ನ ತಿಂದೆ. ಡಾಕ್ಟರಮ್ಮ ಮೊದಲೇ ಒಪ್ಪಿದ್ದರು, ನನ್ನ ಆರೋಗ್ಯದ ಚಿಂತೆ ಬೇಡ.

ನೀವು ಸೀಮಂತಕ್ಕೆ ಇಲ್ಲಿಗೆ ಬಂದಾಗ ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ. ನಮ್ಮಿಬ್ಬರ ಚಪ್ಪಲಿ ಕಾಯಲು ನಿಮ್ಮ ಮಗ ಇದ್ದಾರೆ.

ಅವಸರದಲ್ಲಿ,
ಪ್ರಫುಲ್ಲಾ